ರುಕ್ಮಿಣಮ್ಮ ಬೇರ್ಪಡಿಸಿದ ಗೂಡುಗಳು

ಆ ಬೇಸಿಗೆಯಲ್ಲಿ ರುಕ್ಮಿಣಮ್ಮನವರ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ಗಂಡ ರವಿಕುಮಾರ್ ಮೇಲೂ ಯಾವತ್ತೂ ಬಂದಿಲ್ಲ. ಸಿಟ್ಟು ಬರಿಸುವುದರಲ್ಲಿ ರವಿಯೇನೂ ಕಡಿಮೆಯವರಲ್ಲ. ಆದರೆ ರವಿ ಮಾಡುವ ತಪ್ಪಿನಿಂದ ಹೆಚ್ಚೆಂದರೆ ಹಾಲು ಒಡೆಯುತ್ತದೆ, ಇಲ್ಲವೇ ಗ್ಯಾಸ್ ಬುಕ್ ಆಗುವುದಿಲ್ಲ. ರುಕ್ಮಿಣಮ್ಮನವರು ಮಾಡಿದ ತಪ್ಪಿನಿಂದ ಹದಿನಾರು ವರ್ಷದಿಂದ ನಾನು ಕಾಪಾಡಿಕೊಂಡು ಬಂದ ಒಂದು ವಂಶವೇ ನಿರ್ವಂಶವಾಗುವುದರಲ್ಲಿತ್ತು.

ವಂಶ ಎಂದರೆ ಹುಳದ ವಂಶ. ನಗಬೇಡಿ. ಹಾಸನದ ಕಡೆಯ ಗಂಡಸಿ ಎಂಬ ಊರಿನಲ್ಲಿ ನಮ್ಮದೊಂದು ತೆಂಗು ಬೆಳೆಗಾರರ ಸಣ್ಣ ಸಂಘವಿದೆ. ಅದರ ಕಟ್ಟಡದ ಹಿಂದಿನ ಎರಡು ಕೋಣೆಗೆ ಪ್ರಯೋಗಾಲಯ ಎಂದು ಬೋರ್ಡು ಹಾಕಿದ್ದಾರೆ. ಅದರ ಉಸ್ತುವಾರಿ ಯಶೋಧರಾ ಎಂಬ ನನ್ನದು. ಬೇಸಿಗೆ ಬಂದರೆ ನಮ್ಮ ಕಡೆಯ ತೆಂಗಿನ ಗರಿಗಳನ್ನು ಕಪ್ಪುತಲೆ ಹುಳ ಹಿಂಬದಿಯಿಂದ ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ತೋಟವೇ ಬೆಂಕಿ ಬಿದ್ದು ಆರಿದ ಹಾಗೆ ಕಾಣುತ್ತದೆ. ಆ ಹುಳವನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ಕಣಜದ ಜಾತಿಯ ಕೀಟವೊಂದಿದೆ. ಇರುವೆಗಿಂತ ದೊಡ್ಡದೇನಲ್ಲ, ಮೈ ಕಪ್ಪು, ಎರಡು ಜೊತೆ ರೆಕ್ಕೆ. ರೈತರು ಅದನ್ನು ‘ಒಳ್ಳೆ ಹುಳ’ ಎನ್ನುತ್ತಾರೆ. ಅದನ್ನು ಗಾಜಿನ ಕೊಳವೆಗಳಲ್ಲಿ ಸಾಕಿ, ಮರಿ ಮಾಡಿಸಿ, ತೋಟಗಳಿಗೆ ಬಿಡುವುದು ನಮ್ಮ ಕೆಲಸ.

ಕೊಲ್ಲುವುದು ಹೆಣ್ಣು ಮಾತ್ರ. ಅದು ಹುಳವನ್ನು ಕುಟುಕಿ, ಅಲುಗಾಡದಂತೆ ಮಾಡಿ, ಅದರ ಮೈಮೇಲೆ ಮೊಟ್ಟೆ ಸಾಲಾಗಿ ಅಂಟಿಸುತ್ತದೆ. ಇಟ್ಟು ಹೋಗಿಬಿಡುವುದಿಲ್ಲ, ಪಕ್ಕದಲ್ಲೇ ಕಾವಲು ನಿಲ್ಲುತ್ತದೆ. ಮರಿಗಳು ಹುಳವನ್ನು ಹೀರಿ ಬೆಳೆದು, ಅಲ್ಲೇ ಒಂದಕ್ಕೊಂದು ಒತ್ತಿಕೊಂಡು ರೇಷ್ಮೆಯಂಥ ಗೂಡು ಕಟ್ಟಿಕೊಳ್ಳುತ್ತವೆ. ಒಂದು ತಾಯಿಯ ಮಕ್ಕಳಲ್ಲಿ ಹೆಚ್ಚಿನವೆಲ್ಲ ಹೆಣ್ಣು, ಗಂಡು ಒಂದೋ ಎರಡೋ, ಅವುಗಳ ಗೂಡೂ ಸಣ್ಣದು. ಆ ಗಂಡು ಒಂದು ದಿನ ಮೊದಲೇ ಹೊರಗೆ ಬಂದು, ಅಕ್ಕತಂಗಿಯರ ಗೂಡನ್ನು ಕಚ್ಚಿ ತೂತು ಮಾಡಿ ಒಳನುಗ್ಗುತ್ತದೆ. ಹೆಣ್ಣು ಬೆಳಕು ಕಾಣುವ ಮೊದಲೇ ಅದರ ಮದುವೆ ಮುಗಿದಿರುತ್ತದೆ. ನಾನು ಬಿಎಸ್ಸಿ ಓದಿದವಳು. ಇದರಲ್ಲಿ ನನಗೆ ನಾಚಿಕೆಯೂ ಇರಲಿಲ್ಲ, ಆಶ್ಚರ್ಯವೂ ಉಳಿದಿರಲಿಲ್ಲ.

ರುಕ್ಮಿಣಮ್ಮನವರಿಗೆ ಎರಡೂ ಇತ್ತು.

ಅವರು ಬಂದದ್ದು ಅದರ ಹಿಂದಿನ ವರ್ಷ. ಗಂಡ ಚಂದ್ರಶೇಖರಯ್ಯ ಹತ್ತಿರದ ಊರಿನ ದೇವಸ್ಥಾನದಲ್ಲಿ ಪೂಜೆಗಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಕೂತು ಕೂತು ಸಾಕಾಗಿ ಕೆಲಸ ಕೇಳಿಕೊಂಡು ಬಂದರು. ಅರವತ್ತರ ಹತ್ತಿರದ ವಯಸ್ಸು, ಹಣೆಗೆ ವಿಭೂತಿಯ ಒಂದು ಗೆರೆ, ಬಿಗಿದು ಕಟ್ಟಿದ ತುರುಬು. ‘ಹುಳ ಮುಟ್ಟಬೇಕಾಗುತ್ತೆ’ ಎಂದೆ. ‘ತುಳಸಿ ಗಿಡದಲ್ಲಿ ಹುಳ ಆರಿಸಿದೀನಲ್ಲ ಮೇಡಂ’ ಎಂದರು. ಜೀವಮಾನವೆಲ್ಲ ಹೂಬತ್ತಿ ಹೊಸೆದ ಬೆರಳುಗಳು. ಕುಂಚದ ತುದಿಯಿಂದ ಕೀಟವನ್ನು ಎತ್ತಿ ಕೊಳವೆಗೆ ಬಿಡುವಾಗ ಅದಕ್ಕೆ ಎತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ನಾನು ನೆಲ ಗುಡಿಸಲು ಹೇಳಿದರೆ ಅವರು ಒರೆಸಿಯೂ ಇಡುತ್ತಿದ್ದರು. ಒಂದೇ ಕಷ್ಟ, ಹೇಳಿದ್ದಕ್ಕಿಂತ ಒಂದು ತೂಕ ಹೆಚ್ಚಾಗಿ ಮಾಡುವ ಸ್ವಭಾವ.

ಅವರಿಗೆ ಒಬ್ಬಳೇ ಮಗಳು, ರಂಜನಾ. ಹಳೇಬೀಡಿನಲ್ಲಿ ಶಾಲೆಯ ಟೀಚರ್. ಜೊತೆಗೆ ಕೆಲಸ ಮಾಡುವ ಶ್ರೀರಾಮ್ ಎಂಬುವನನ್ನು ಇಷ್ಟಪಟ್ಟಳು. ಹುಡುಗ ಒಳ್ಳೆಯವನು, ಜನವೂ ಇವರದೇ. ಆದರೆ ಗೋತ್ರ ಒಂದೇ. ಒಂದೇ ಗೋತ್ರದ ಗಂಡುಹೆಣ್ಣು ಅಣ್ಣತಂಗಿ ಇದ್ದ ಹಾಗೆ ಎಂದು ರುಕ್ಮಿಣಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು. ಮಗಳು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಅಂದಿನಿಂದ ಮಾತಿಲ್ಲ. ಇದನ್ನೆಲ್ಲ ಅವರು ನನಗೆ ಒಂದೇ ಸಲ, ಕೀಟಗಳಿಗೆ ಕೊಡುವ ಹುಳ ಬೆಳೆಸಲು ಜೋಳದ ಹಿಟ್ಟು ಜರಡಿ ಹಿಡಿಯುತ್ತಾ, ಬೇರೆ ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿ ಮುಗಿಸಿದ್ದರು.

ಏಪ್ರಿಲ್ ಮೊದಲ ವಾರ ನಾನು ಅವರಿಗೊಂದು ಭೂತಗನ್ನಡಿ ತರಿಸಿಕೊಟ್ಟೆ. ಮೇಜಿಗೆ ಸಿಕ್ಕಿಸುವಂಥದ್ದು, ಸುತ್ತ ಬಲ್ಬಿನ ಬಳೆ ಇರುವಂಥದ್ದು. ಅಲ್ಲಿಯವರೆಗೆ ಅವರಿಗೆ ಕೊಳವೆಯೊಳಗೆ ಕಪ್ಪು ಚುಕ್ಕಿಗಳು ಮಾತ್ರ ಕಾಣುತ್ತಿದ್ದವು. ಕನ್ನಡಿಯಲ್ಲಿ ಮೊದಲ ಸಲ ಎಲ್ಲವನ್ನೂ ಕಂಡರು.

‘ಮೇಡಂ, ಈ ಕೊಳವೇಲಿರೋದೆಲ್ಲ ಒಂದೇ ತಾಯಿ ಮಕ್ಕಳಲ್ವೇ?’

‘ಹೌದು.’

‘ಮತ್ತೆ ಇದು ಅಲ್ಲೇನು ಮಾಡ್ತಿದೆ?’

ಹೇಳಿದೆ. ಅವರು ಕನ್ನಡಿಯಿಂದ ಹಿಂದೆ ಸರಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಕನ್ನಡಿಯ ದೀಪ ಆರಿಸಿ ನೆಲ ಗುಡಿಸಲು ಎದ್ದರು. ನನಗೆ ಅವತ್ತು ಪುರುಸೊತ್ತಿರಲಿಲ್ಲ. ಜಾವಗಲ್ ಹತ್ತಿರದ ಊರಿನಲ್ಲಿರುವ ನಮ್ಮಪ್ಪ ಗಿಡ್ಡಯ್ಯ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ನಿಗೆಂದು ಹಾಸನಕ್ಕೆ ಕರೆದುಕೊಂಡು ಹೋಗಬೇಕಿತ್ತು. ಒಂದು ವಾರದ ಮಟ್ಟಿಗೆ ಬೀಗದ ಕೈ ರುಕ್ಮಿಣಮ್ಮನವರ ಕೈಗೆ ಕೊಟ್ಟೆ. ‘ಗೂಡು ಕಟ್ಟಿರೋ ಕೊಳವೆಗಳ ತಂಟೆಗೆ ಹೋಗ್ಬೇಡಿ, ಅವುಗಳ ಪಾಡಿಗೆ ಬಿಡಿ. ಹೆಣ್ಣು ಹೊರಗೆ ಬಂದ ಮೇಲೆ ಹುಳ ಕೊಡಿ’ ಎಂದಿದ್ದೆ.

ವಾಪಸ್ ಬಂದಾಗ ಎಲ್ಲವೂ ಥಳಥಳ ಹೊಳೆಯುತ್ತಿತ್ತು. ಕೊಳವೆಗಳಲ್ಲಿ ಹೊಸ ಹೆಣ್ಣುಗಳು ಹುಳ ಕುಟುಕಿ ಮೊಟ್ಟೆ ಇಟ್ಟಿದ್ದವು. ನಾನು ಸಂತೋಷದಿಂದ ಮಿಕ್ಕ ಹೆಣ್ಣುಗಳನ್ನೆಲ್ಲ ತುಂಬಿಸಿ ತೋಟಗಳಿಗೆ ಬಿಟ್ಟು ಬಂದೆ. ಮುಂದಿನ ಬಾರಿಗೆ ಮರಿಗಳಂತೂ ಬೆಳೆಯುತ್ತಿವೆಯಲ್ಲ!

ಮರಿಗಳು ಗೂಡಿನಿಂದ ಹೊರಬಂದ ದಿನ ಮೊದಲ ಕೊಳವೆ ನೋಡಿದೆ. ಎಲ್ಲ ಗಂಡು. ಹೀಗೂ ಒಮ್ಮೊಮ್ಮೆ ಆಗುತ್ತದೆ. ಎರಡನೆಯದು ನೋಡಿದೆ, ಗಂಡು. ಮೂರನೆಯದೂ ಗಂಡು. ಇಡೀ ಸ್ಟ್ಯಾಂಡನ್ನೇ ಕೆಳಗಿಳಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದೆ. ಸಣ್ಣ ಸಣ್ಣ ಗಂಡುಗಳು, ಕಚ್ಚಲು ಒಂದು ಗೂಡೂ ಸಿಗದೆ, ಗಾಜಿನ ಗೋಡೆಗೆ ಸುತ್ತು ಹಾಕುತ್ತಿದ್ದವು. ಹೊಸದಾಗಿ ಹುಟ್ಟಿದ್ದರಲ್ಲಿ ಒಂದೇ ಒಂದು ಹೆಣ್ಣಿಲ್ಲ.

ಇದಕ್ಕಿರುವ ಕಾರಣ ಒಂದೇ. ಈ ಕೀಟದಲ್ಲಿ ಗಂಡು ಸೇರದ ಹೆಣ್ಣೂ ಮೊಟ್ಟೆ ಇಡುತ್ತದೆ, ಮೊಟ್ಟೆ ಒಡೆದು ಮರಿಯೂ ಆಗುತ್ತದೆ. ಆದರೆ ಅವೆಲ್ಲ ಗಂಡೇ. ಹೆಣ್ಣು ಹುಟ್ಟಬೇಕಾದರೆ ಮಾತ್ರ ಗಂಡು ಸೇರಿರಬೇಕು. ಗಂಡು ಸಂತಾನಕ್ಕೆ ಹರಕೆ ಹೊರುವ ಊರಲ್ಲಿ ಬರೀ ಗಂಡು ಹುಟ್ಟಿ ನನ್ನ ವಂಶ ಮುಳುಗುತ್ತಿತ್ತು.

‘ರುಕ್ಮಿಣಮ್ಮ, ನಾನಿಲ್ಲದಾಗ ಗೂಡು ಮುಟ್ಟಿದ್ರಾ?’

ಅವರು ಸುಳ್ಳು ಹೇಳುವವರಲ್ಲ. ‘ಮುಟ್ಟಿದೆ ಮೇಡಂ. ಒಡೆಯೋಕೆ ಮುಂಚೇನೆ ಸಣ್ಣ ಗೂಡುಗಳನ್ನೆಲ್ಲ ಬಿಡಿಸಿ ಬೇರೆ ಬಾಟ್ಲಿಗೆ ಹಾಕಿದೆ. ಸಣ್ಣವು ಗಂಡು ಅಂತ ನೀವೇ ಹೇಳಿದ್ರಲ್ಲ. ಅಣ್ಣತಂಗಿ ಹಂಗೆ ಇರೋದು ನನ್ನ ಕೈಯಲ್ಲಿ ನೋಡಕ್ಕಾಗ್ಲಿಲ್ಲ. ಈ ಕೊಳವೆ ಗಂಡನ್ನ ಆ ಕೊಳವೆ ಹೆಣ್ಣಿಗೆ ಬಿಡೋಣ ಅಂತಿದ್ದೆ. ಬೇರೆ ಮನೆ ಹೆಣ್ಣು, ದೋಷ ಇರಲ್ಲ ಅಂತ.’

‘ಬಿಟ್ರಾ?’

‘ಅವತ್ತು ಮಧ್ಯಾಹ್ನವೆಲ್ಲ ಕರೆಂಟ್ ಇರ್ಲಿಲ್ಲ. ಬಾಟ್ಲಿ ಕಿಟಕೀಲಿತ್ತು. ಸಂಜೆ ನೋಡಿದ್ರೆ ಗಂಡೆಲ್ಲ ಸೆಖೆಗೆ ಸತ್ತಿದ್ವು. ಆಮೇಲೆ ನೋಡಿದ್ರೆ ಹೆಣ್ಣುಗಳು ತಾವೇ ಮೊಟ್ಟೆ ಇಟ್ವು. ಓಹೋ, ಗಂಡಿನ ಅವಶ್ಯಕತೆ ಇಲ್ಲ ಅಂದ್ಕೊಂಡೆ.’

ನಾನು ಕೂಗಾಡಿದೆ. ‘ಹುಳಕ್ಕೆ ಗೋತ್ರ ನೋಡೋಕೆ ನಿಮಗೆ ಹೇಳಿದ್ಯಾರು ರೀ? ನಿಮ್ಮ ಮಗಳ ಮೇಲಿನ ಕೋಪಾನ ನನ್ನ ಕೊಳವೆ ಮೇಲೆ ತೀರಿಸ್ಕೊಂಡ್ರಾ?’ ಎಂದುಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. ಆಡಿದ್ದು ಹೆಚ್ಚಾಯಿತು ಎಂದು ನನಗೂ ಗೊತ್ತಾಯಿತು, ಆದರೆ ವಾಪಸ್ ತೆಗೆದುಕೊಳ್ಳುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ನನಗಿರಲಿಲ್ಲ. ತೋಟಗಳಿಗೆ ಬಿಟ್ಟು ಬಂದದ್ದೂ ಗಂಡು ಕಾಣದ ಹೆಣ್ಣುಗಳೇ. ಅಲ್ಲೂ ಮುಂದೆ ಹುಟ್ಟುವುದು ಗಂಡೇ.

ಅದೇ ದಿನ ಕರಿಯಯ್ಯನವರ ಫೋನು ಬಂತು. ಜಾವಗಲ್ ದಾರಿಯ ಊರಿನ ದೊಡ್ಡ ತೋಟದವರು. ಅವರು ಹೇಳಿದರೆ ಊರು ಕೇಳುತ್ತದೆ.

‘ಏನಮ್ಮಾ, ನಿಮ್ಮ ಹುಳ ಬತ್ತಾವೋ ಇಲ್ವೋ? ಗರಿ ಎಲ್ಲ ಸುಟ್ಟಂಗಾಗೈತೆ. ಹುಡುಗ್ರು ಟ್ಯಾಂಕರ್ ತರ್ಸಿ ಔಷ್ದಿ ಹೊಡಿಯಾನ ಅಂತವ್ರೆ.’

ಔಷಧಿ ಹೊಡೆದ ತೋಟದಲ್ಲಿ ನಮ್ಮ ಕೀಟ ಬದುಕುವುದಿಲ್ಲ. ಜೇನೂ ಬದುಕುವುದಿಲ್ಲ. ಒಂದು ಊರು ಹೊಡೆದರೆ ಪಕ್ಕದೂರು ಸುಮ್ಮನಿರುವುದಿಲ್ಲ. ಕೀಟ ಬೇಡದ ಊರುಗಳ ನಡುವೆ, ಕೀಟವೇ ಇಲ್ಲದ ಪ್ರಯೋಗಾಲಯವನ್ನು ಸಂಘ ಯಾಕೆ ಇಟ್ಟುಕೊಂಡೀತು? ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

‘ಅಮಾಸೆಗಂಟ ತಡೀತೀನಿ’ ಎಂದರು ಕರಿಯಯ್ಯ. ‘ಅಷ್ಟರಾಗೆ ಹೆಣ್ಣು ಹುಟ್ಟಿದ್ದು ಕಣ್ಣಿಗೆ ತೋರ್ಸಿ. ತೋರ್ಸಿದ್ರೆ ಮುಂದಕ್ಕೂ ತಡೀತೀನಿ. ಇಲ್ಲಾಂದ್ರೆ ನನ್ನ ಬೈಬ್ಯಾಡಿ.’

ಬೇರೆ ಊರಿನ ಪ್ರಯೋಗಾಲಯಗಳಿಗೆಲ್ಲ ಫೋನು ಮಾಡಿದೆ. ಬೇಸಿಗೆಯ ಬೇಡಿಕೆಗೆ ಎಲ್ಲರೂ ಬರಿಗೈ. ‘ಮಳೆ ಬೀಳಲಿ ನೋಡೋಣ’ ಎಂದರು. ಕೊನೆಗೆ ನನಗೆ ತರಬೇತಿ ಕೊಟ್ಟಿದ್ದ ವಿಜ್ಞಾನಿಗೆ ಮಾಡಿದೆ.

‘ಮೊಟ್ಟೆ ಇಟ್ಟ ತಾಯಂದಿರು ಯಾವುದಾದರೂ ಬದುಕಿವೆಯಾ?’ ಎಂದು ಕೇಳಿದರು.

ಇದ್ದವು. ಬೆರಳಲ್ಲಿ ಎಣಿಸುವಷ್ಟು. ಗಂಡುಗಳನ್ನು ಆಗಲೇ ಹೊಸ ಕೊಳವೆಗೆ ಎತ್ತಿಟ್ಟಿದ್ದೆ, ಕೆಲವು ತಾಯಂದಿರು ಮಕ್ಕಳ ಖಾಲಿ ಗೂಡಿನ ಪಕ್ಕ ಇನ್ನೂ ಕಾವಲು ನಿಂತಿದ್ದವು.

‘ಹಾಗಾದರೆ ಮಕ್ಕಳ ಜೊತೆ ಬಿಡಿ. ತಾಯಿಗೆ ಮಗ ಸೇರಿದರೆ ಮುಂದಿನ ಮೊಟ್ಟೆಯಲ್ಲಿ ಹೆಣ್ಣು ಬರಬಹುದು. ವಯಸ್ಸಾದ ತಾಯಿ ಒಪ್ಪುತ್ತದೋ ಇಲ್ಲವೋ, ಭರವಸೆ ಕೊಡಲಾರೆ. ಗಂಡು ಹೆಚ್ಚು ದಿನ ಬದುಕುವುದಿಲ್ಲ, ಇವತ್ತೇ ಮಾಡಿ.’

ಫೋನು ಸ್ಪೀಕರಿನಲ್ಲಿತ್ತು. ಬಾಗಿಲ ಬಳಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೊರಟು ನಿಂತಿದ್ದ ರುಕ್ಮಿಣಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

‘ರಾಮ ರಾಮ’ ಎಂದರು. ‘ಅಣ್ಣತಂಗಿ ಬೇಡ ಅಂದಿದ್ದಕ್ಕೆ ದೇವರು ತಾಯಿಮಗನ್ನ ತಂದು ಮುಂದಿಟ್ಟ.’

ನಾನು ಕುಂಚ ತೆಗೆದುಕೊಂಡೆ. ಮೊದಲನೆಯ ತಾಯಿಯನ್ನು ಎತ್ತುವಾಗ ಅದರ ಒಂದು ರೆಕ್ಕೆ ಕೊಳವೆಯ ಬಾಯಿಗೆ ತುರುಕಿದ್ದ ಹತ್ತಿಗೆ ಸಿಕ್ಕಿ ಮುರಿಯಿತು. ಎರಡನೆಯದಕ್ಕೆ ಕೈ ಹಾಕುವ ಧೈರ್ಯವಾಗಲಿಲ್ಲ. ಇನ್ನೊಂದು ಹೋದರೆ ಉಳಿಯುವುದೆಷ್ಟು?

ರುಕ್ಮಿಣಮ್ಮ ಬಾಗಿಲಲ್ಲೇ ನಿಂತಿದ್ದರು. ನಾನು ಕರೆಯಲಿಲ್ಲ, ಕರೆಯುವ ಮುಖವೂ ನನಗಿರಲಿಲ್ಲ. ಅವರು ಚೀಲ ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, ನನ್ನ ಕೈಯಿಂದ ಕುಂಚ ತೆಗೆದುಕೊಂಡರು. ಕನ್ನಡಿಯ ಮುಂದೆ ಕೂತು ಒಂದೊಂದೇ ತಾಯಿಯನ್ನು ಎತ್ತಿ ಮಕ್ಕಳಿದ್ದ ಹೊಸ ಕೊಳವೆಗೆ ಇಳಿಸಿದರು. ತುಟಿ ಅಲ್ಲಾಡುತ್ತಿತ್ತು. ಯಾವುದೋ ಮಂತ್ರವಿರಬೇಕು, ಕ್ಷಮೆಯದೋ ಏನೋ. ಒಂದಕ್ಕೂ ಪೆಟ್ಟಾಗಲಿಲ್ಲ. ಕೊನೆಯದಕ್ಕೆ ಹತ್ತಿ ಮುಚ್ಚಿ ಎದ್ದು ಹೋಗಿ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು.

ಆಮೇಲೆ ಕಾಯುವುದಷ್ಟೇ ಉಳಿಯಿತು. ಮಗ ತಾಯಿಗೆ ಸೇರಿತೋ ಇಲ್ಲವೋ ನೋಡಿ ಹೇಳುವಂತಿಲ್ಲ. ಹುಳ ಕೊಟ್ಟೆವು. ಒಂದು ತಾಯಿ ಮೂಸಿಯೂ ನೋಡದೆ ಸತ್ತಿತು. ಇನ್ನೊಂದು ಕುಟುಕಿತು, ಮೊಟ್ಟೆ ಇಡಲಿಲ್ಲ. ಬಿಸಿಲು ದಿನದಿನಕ್ಕೆ ಏರುತ್ತಿತ್ತು. ಕರೆಂಟ್ ಹೋದರೆ ರುಕ್ಮಿಣಮ್ಮ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವರು, ರಟ್ಟು ಹಿಡಿದು ಕೊಳವೆಗಳಿಗೆ ಗಾಳಿ ಬೀಸುವರು. ನಾವು ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಮಾತಾಡುತ್ತಿರಲಿಲ್ಲ. ಕಡೆಗೆ ಎರಡು ತಾಯಂದಿರು ಮೊಟ್ಟೆ ಇಟ್ಟವು.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ರುಕ್ಮಿಣಮ್ಮ ನೆಲದ ಮೇಲೆ ಕೂತಿದ್ದರು. ಕೀಟಗಳ ಊಟಕ್ಕೆಂದು ಕೊಳವೆಗೆ ಹಚ್ಚುವ ಜೇನುತುಪ್ಪದ ವಾಸನೆಗೆ ಕೆಂಜಿಗ ಇರುವೆ ಬಂದಿತ್ತು. ಹತ್ತಿಯ ಸಂದಿಯಲ್ಲಿ ನುಗ್ಗಿ ಒಂದು ಕೊಳವೆಯನ್ನು ಖಾಲಿ ಮಾಡಿತ್ತು, ಮರಿಗಳೂ ಇಲ್ಲ, ತಾಯಿಯೂ ಇಲ್ಲ. ಉಳಿದ ಒಂದೇ ಒಂದು ಕೊಳವೆಯನ್ನು ಅವರು ಎರಡು ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದರು. ಮೊಣಕೈವರೆಗೆ ಇರುವೆ ಕಚ್ಚಿ ದದ್ದು ಎದ್ದಿತ್ತು.

‘ಇದನ್ನ ಕೆಳಗಿಡಲ್ಲ ಮೇಡಂ. ಮೊದಲು ಮೇಜಿನ ಕಾಲಿಗೆ ನೀರಿಡಿ’ ಎಂದರು.

ನಾಲ್ಕು ಬಟ್ಟಲಲ್ಲಿ ನೀರು ತುಂಬಿ ಮೇಜಿನ ಕಾಲುಗಳನ್ನು ಅದರಲ್ಲಿ ಇಳಿಸಿದೆ. ಅವತ್ತು ನಾನು ಅವರ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ‘ನಾನು ಅವತ್ತು ನಿಮ್ಮ ಮಗಳ ಮಾತು ಎತ್ತಬಾರದಿತ್ತು’ ಎಂದೆ. ಅವರು ‘ನೀವು ಅಂದಿದ್ದರಲ್ಲಿ ಅರ್ಧ ನಿಜಾನೇ ಇತ್ತು’ ಎಂದು ಕೈ ಎಳೆದುಕೊಂಡರು.

ಆ ಒಂದು ಕೊಳವೆಯಲ್ಲಿ ಮರಿಗಳು ಗೂಡು ಕಟ್ಟಿದವು. ಗೂಡಿನೊಳಗೆ ಏನಿದೆ ಎಂದು ಹೊರಗಿನಿಂದ ಖಾತ್ರಿಯಾಗಿ ಹೇಳಲಾಗದು. ಕೆಲವು ದೊಡ್ಡದಾಗಿ ಕಂಡವು. ಆಸೆಯ ಕಣ್ಣಿಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ ಎಂದು ನನಗೆ ನಾನೇ ಬೈದುಕೊಂಡೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಕರಿಯಯ್ಯನವರೇ ಬಂದು ವರಾಂಡದ ಬೆಂಚಿನ ಮೇಲೆ ಕೂತರು. ಟ್ಯಾಂಕರಿನವನು ಇವರ ಒಂದು ಮಾತಿಗೆ ಕಾಯುತ್ತಿದ್ದ. ಆಗಾಗ ಫೋನು ಹೊಡೆದುಕೊಳ್ಳುತ್ತಿತ್ತು, ಇವರು ‘ತಡಿಯಲಾ’ ಎಂದು ಇಡುತ್ತಿದ್ದರು.

ಒಳಗೆ ರುಕ್ಮಿಣಮ್ಮ ಕನ್ನಡಿಗೆ ಕಣ್ಣು ಹಚ್ಚಿ ಕೂತಿದ್ದರು. ಅವರ ಬೆನ್ನ ಹಿಂದೆ ನಾನು.

‘ಒಂದು ಗೂಡು ಒಡೀತಿದೆ.’

ತುದಿಯ ಸಣ್ಣ ಗೂಡು. ಹೊರಗೆ ಬಂದದ್ದು ಗಂಡು. ಗಂಡು ಮೊದಲು ಬರುವುದು ಸಹಜವೇ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಒಡೆಯಿತು, ಅದೂ ಗಂಡು. ಹೊರಗೆ ಕರಿಯಯ್ಯ ಕೆಮ್ಮಿದರು. ಎರಡು ಗಂಡುಗಳೂ ಗಾಜಿನ ಮೇಲೆ ಹತ್ತಿ ಸುತ್ತತೊಡಗಿದವು, ಹಿಂದಿನ ಕೊಳವೆಗಳಲ್ಲಿ ಸುತ್ತಿದ್ದವಲ್ಲ, ಹಾಗೇ. ನಾನು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತೆ. ಕರಿಯಯ್ಯನವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದೆ.

‘ಮೇಡಂ.’

ಧ್ವನಿ ಬೇರೆಯಾಗಿತ್ತು.

‘ಒಂದು ವಾಪಸ್ ಗೂಡಿನ ಹತ್ರ ಬಂತು. ಮಧ್ಯದ್ದನ್ನ ಮುಟ್ಟಿ ಮುಟ್ಟಿ ನೋಡ್ತಿದೆ. ಕಚ್ತಿದೆ ಮೇಡಂ. ತೂತು ಮಾಡ್ತಿದೆ!’

ನಾನು ಅವರನ್ನು ಒತ್ತರಿಸಿಯೇ ಕನ್ನಡಿಗೆ ಬಗ್ಗಿದೆ. ಗಂಡು ಸುಮ್ಮನೆ ಗೂಡು ಕಚ್ಚುವುದಿಲ್ಲ. ಒಳಗೆ ಹೆಣ್ಣಿದ್ದರೆ ಕಚ್ಚುತ್ತದೆ. ಸಣ್ಣ ತಲೆ ರೇಷ್ಮೆಯೊಳಗೆ ತೂರಿತು, ಆಮೇಲೆ ಎದೆ, ಆಮೇಲೆ ಪೂರ್ತಿ ಒಳಗೆ. ಹದಿನಾರು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಸಲ ಕಂಡದ್ದು. ಅವತ್ತು ನೋಡಿ ನಾನು ಅತ್ತುಬಿಟ್ಟೆ.

ಸದ್ದು ಕೇಳಿ ಕರಿಯಯ್ಯ ಬಾಗಿಲು ತಳ್ಳಿದರು. ‘ಏನಾತು? ಹುಟ್ತಾ? ಎಲ್ಲಿ, ತೋರ್ಸಿ, ಈಚೆಗೆ ತಗೀರಿ!’

ರುಕ್ಮಿಣಮ್ಮ ಎದ್ದು ಕೊಳವೆಗೆ ಅಡ್ಡ ನಿಂತರು. ‘ನಾಳೆ ತೋರಿಸ್ತೀವಿ. ಇವತ್ತು ಯಾರೂ ಮುಟ್ಟೋ ಹಾಗಿಲ್ಲ. ಬಾಗ್ಲು ಮುಂದಕ್ಕೆ ಮಾಡ್ಕೊಂಡು ಹೋಗಿ’ ಎಂದರು.

‘ನಾಳೆ ಅಂದ್ರೆ ಹೆಂಗಮ್ಮಾ? ಹೆಣ್ಣೇ ಅಂತ ಏನು ಗ್ಯಾರಂಟಿ?’

‘ಹೆಣ್ಣೇ. ನಾನು ಹೇಳ್ತಿದೀನಲ್ಲ.’

ಕರಿಯಯ್ಯ ಅವರ ಮುಖವನ್ನೊಮ್ಮೆ, ದದ್ದು ಕಟ್ಟಿದ ಕೈಯನ್ನೊಮ್ಮೆ ನೋಡಿ, ಹೊರಗೆ ಹೋಗಿ ಫೋನು ಎತ್ತಿದರು. ‘ಟ್ಯಾಂಕರ್ ವಾಪಸ್ ಕಳ್ಸು ಕಣ್ಲಾ’ ಎಂದದ್ದು ಒಳಗೂ ಕೇಳಿಸಿತು. ಮಾರನೆಯ ದಿನ ಕೊಳವೆಯಲ್ಲಿ ಹೆಣ್ಣುಗಳು ಹೊರಬಂದವು. ಕರಿಯಯ್ಯ ಕನ್ನಡಿಯಲ್ಲಿ ಒಂದೊಂದನ್ನೂ ನೋಡಿ ಹೋದರು. ತೋಟಕ್ಕೆ ಬಿಡುವಷ್ಟಾಗಲು ಇನ್ನೂ ಸಮಯ ಹಿಡಿಯುತ್ತದೆ ಎಂದೆ, ಕಾಯುತ್ತೇವೆ ಎಂದರು.

ಅವರು ಹೋದ ಮೇಲೆ ರುಕ್ಮಿಣಮ್ಮ ಕುಂಚ ತೊಳೆದು ಒಣಗಲು ಇಟ್ಟರು. ಮೇಜು ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು.

‘ಮೇಡಂ, ನಾಳೆ ಒಂದಿನ ರಜೆ ಬೇಕಿತ್ತು.’

‘ತಗೊಳ್ಳಿ. ಎಲ್ಲಿಗೆ?’

‘ಹಳೇಬೀಡಿಗೆ. ರಂಜನಾಗೆ ಏಳು ತಿಂಗಳಂತೆ. ಯಾರೋ ಹೇಳಿದ್ರು.’ ಬಟ್ಟೆ ಹಿಂಡುತ್ತಾ ನನ್ನ ಕಡೆ ನೋಡದೆ ಸೇರಿಸಿದರು: ‘ಅವಳೂ ಆ ಹುಡುಗನೂ ಒಂದೇ ತಾಯಿ ಮಕ್ಕಳೇನೂ ಅಲ್ವಲ್ಲ.’

ಹುಳಕ್ಕೂ ಮನುಷ್ಯರಿಗೂ ಹೋಲಿಕೆ ಸಲ್ಲದು ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅವತ್ತು ಹೇಳಲಿಲ್ಲ. ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಬೆಳಿಗ್ಗೆ ಎಷ್ಟಕ್ಕೆ ಎಂದು ರವಿಗೆ ಫೋನು ಮಾಡಿ ಕೇಳಿ ತಿಳಿಸಿದೆ.